ಮಲ್ಲಿಗೆ ಏರಿಸಿದ ಪ್ಲಾಸ್ಮಾ

ಕುದುರೆಗೆ ಹೊಟ್ಟೆನೋವು ಬಂದರೆ ಸಾಕಿದವರಿಗೆ ಬೇಗ ತಿಳಿಯುತ್ತದೆ. ಕಾಲಲ್ಲಿ ನೆಲ ಕೆರೆಯುತ್ತದೆ, ಪಕ್ಕೆಯತ್ತ ತಿರುಗಿ ತಿರುಗಿ ನೋಡುತ್ತದೆ, ಬಿದ್ದು ಹೊರಳುತ್ತದೆ. ಮಲ್ಲಿ ಇದ್ಯಾವುದನ್ನೂ ಮಾಡಲಿಲ್ಲ. ಸಂಜೆ ಹುರುಳಿ ಮುಟ್ಟದೆ ಮೂಲೆಯಲ್ಲಿ ನಿಂತಳು, ಅಷ್ಟೆ. ಬೆಳಗಾಗುವಷ್ಟರಲ್ಲಿ ಲದ್ದಿ ನೀರಾಗಿ ಲಾಯದ ಗೋಡೆಗೆಲ್ಲ ಸಿಡಿದಿತ್ತು.

ಮಲ್ಲಿ ರೇಸ್ ಬಿಟ್ಟು ಬಂದ ಥರೋಬ್ರೆಡ್. ಬೆಂಗಳೂರಿನ ಹೊರಗೆ ನಾವು ನಡೆಸುವ ಸಣ್ಣ ಸವಾರಿ ಶಾಲೆಯಲ್ಲಿ ಮಕ್ಕಳನ್ನು ಮೊದಲು ಹತ್ತಿಸುವುದು ಅವಳ ಬೆನ್ನಿಗೇ.

ಡಾಕ್ಟರು ತುಟಿ ಎತ್ತಿ ನೋಡಿದರು. ಹಲ್ಲಿನ ಬುಡದಲ್ಲಿ ವಸಡು ನೇರಳೆಯಾಗಿತ್ತು. "ಕೊಲೈಟಿಸ್ ಸಾರ್. ಉಳಿದ ಕುದುರೆಗಳನ್ನು ದೂರ ಕಟ್ಟಿಸಿ" ಎಂದರು. ಅಂದರೆ ದೊಡ್ಡ ಕರುಳಿನ ಉರಿಯೂತ. ಕುದುರೆಯ ದೊಡ್ಡ ಕರುಳೆಂದರೆ ನೂರು ಲೀಟರಿನಷ್ಟು ಮೇವು ಹುದುಗುವ ಜಾಗ. ಅದರ ಒಳಪದರ ಉರಿಯೂತದಿಂದ ಕಿತ್ತುಹೋದರೆ ನೀರು, ಲವಣಗಳ ಜೊತೆಗೆ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಕೂಡ ಸೋರಿಹೋಗುತ್ತದೆ. ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ನುಗ್ಗುತ್ತದೆ. ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ, ನೋವಿನ ಔಷಧಿ, ಆಂಟಿಬಯಾಟಿಕ್, ಯಾವುದರಿಂದಲೂ ಇದು ಬರಬಹುದು. ಮಲ್ಲಿಗೆ ಯಾವುದರಿಂದ ಬಂತೆಂದು ಕೊನೆಗೂ ಗೊತ್ತಾಗಲಿಲ್ಲ. ಈ ರೋಗದಲ್ಲಿ ಹಾಗಾಗುವುದು ಮಾಮೂಲಂತೆ.

ಸಲೈನ್ ಹರಿಸಿದೆವು. ಭೇದಿ ನಿಲ್ಲಲಿಲ್ಲ, ಬದಲಿಗೆ ಹೊಟ್ಟೆಯ ಅಡಿಯಲ್ಲಿ ನೀರು ತುಂಬತೊಡಗಿತು. ಬೆರಳಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದೇ ಆಲ್ಬುಮಿನ್. ಅದು ಕಡಿಮೆಯಾದಾಗ ಸಲೈನ್ ಸುರಿದಷ್ಟೂ ಉಳಿದದ್ದೂ ತೆಳುವಾಗುತ್ತದೆ. ಡೆಸಿಲೀಟರಿಗೆ ಸುಮಾರು 3 ಗ್ರಾಂ ಇರಬೇಕಾದದ್ದು ಮಲ್ಲಿಯಲ್ಲಿ ಅರ್ಧಕ್ಕಿಳಿದಿತ್ತು.

"ಪ್ಲಾಸ್ಮಾ ಕೊಡಬೇಕು" ಎಂದ ಡಾಕ್ಟರು ಅಲ್ಲೇ ಲೆಕ್ಕ ಹೇಳಿದರು. ಮಲ್ಲಿಯ ತೂಕ 450 ಕಿಲೋ, ಮೈಯಲ್ಲಿ ಇಪ್ಪತ್ತು ಲೀಟರ್ ಮೀರಿ ಪ್ಲಾಸ್ಮಾ. ಆಲ್ಬುಮಿನ್ ಒಂದು ಗ್ರಾಂ ಮೇಲೇರಬೇಕಾದರೂ ಕಡಿಮೆಯೆಂದರೆ ಏಳು ಲೀಟರ್ ಬೇಕು. ದೊಡ್ಡ ಕುದುರೆಯಿಂದ ಒಮ್ಮೆಗೆ ಎಂಟು ಲೀಟರ್ ರಕ್ತ ತೆಗೆಯಬಹುದು, ಅದರಲ್ಲಿ ಸಿಗುವ ಪ್ಲಾಸ್ಮಾ ಹೆಚ್ಚೂಕಡಿಮೆ ಅರ್ಧ. ಅಂದರೆ ದಾನಿಗಳು ಇಬ್ಬರು.

ಮರಿ ಹಾಕಿದ ಹೆಣ್ಣು ಕುದುರೆ ದಾನಕ್ಕೆ ಆಗದು, ಅದರ ರಕ್ತದಲ್ಲಿ ಬೇರೆ ಕುದುರೆಯ ರಕ್ತಕಣಗಳ ಮೇಲೆ ಬೀಳುವ ಪ್ರತಿಕಾಯಗಳಿರಬಹುದು. ಹಿಂದೆಂದೂ ರಕ್ತ ಪಡೆಯದ, ಬೀಜ ಒಡೆದ ಗಂಡು ಬೇಕು. ಗ್ಲ್ಯಾಂಡರ್ಸ್ ಮುಂತಾದ ರೋಗಗಳಿಲ್ಲವೆಂಬ ಕಾಗದವೂ ಬೇಕು. ಪರೀಕ್ಷೆಗೆ ರಕ್ತದ ಮಾದರಿಗಳು ಹರಿಯಾಣದ ಹಿಸಾರ್‌ನ ಪ್ರಯೋಗಾಲಯದವರೆಗೆ ಹೋಗಿ ಬರುವಷ್ಟು ಕಾಲ ನಮಗಿರಲಿಲ್ಲ. ನಮ್ಮದೊಂದು ಕುದುರೆಗೆ ಪ್ರದರ್ಶನಕ್ಕೆಂದು ಮಾಡಿಸಿದ ಕಾಗದ ಇತ್ತು. ಇನ್ನೊಂದಕ್ಕಾಗಿ ಗೊತ್ತಿದ್ದ ಲಾಯಗಳಿಗೆಲ್ಲ ಫೋನ್ ಮಾಡಿದೆ. "ರಕ್ತ ಕೊಟ್ಟ ಕುದುರೆ ಸೊರಗುತ್ತೆ" ಎಂದು ಒಬ್ಬರು ಇಟ್ಟೇಬಿಟ್ಟರು. ಹಾವಿನ ವಿಷಕ್ಕೆ ನಮಗೆಲ್ಲ ಕೊಡುವ ಔಷಧಿ ಬರುವುದೇ ಕುದುರೆಯ ಪ್ಲಾಸ್ಮಾದಿಂದ ಎಂದು ಹೇಳಬೇಕೆನಿಸಿತು. ಕೊನೆಗೆ ದೊಡ್ಡಬಳ್ಳಾಪುರದ ಕಡೆಯ ಸ್ನೇಹಿತರು ಕತ್ತಲಾದ ಮೇಲೆ ತಮ್ಮ ಕುದುರೆಯನ್ನು ವ್ಯಾನಿನಲ್ಲಿ ತಂದರು.

ಕುದುರೆಯ ಕೆಂಪುಕಣಗಳು ಬೇಗ ತಳಕ್ಕಿಳಿಯುತ್ತವೆ, ಯಂತ್ರವೂ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಹಾಕಿದ ಚೀಲಗಳನ್ನು ತೂಗುಹಾಕಿ ಕಾದೆವು. ಮೇಲೆ ಹೊಂಬಣ್ಣದ ಪ್ಲಾಸ್ಮಾ ನಿಂತಿತು. ಮಲ್ಲಿಗೆ ಬೇಕಾದದ್ದು ಅದೊಂದೇ. ನೀರು ಹೋಗಿ ಗಟ್ಟಿಯಾಗಿದ್ದ ಅವಳ ರಕ್ತದಲ್ಲಿ ಕೆಂಪುಕಣಗಳಿಗೆ ಕೊರತೆ ಇರಲಿಲ್ಲ.

ಮೊದಲು ತೊಟ್ಟು ತೊಟ್ಟಾಗಿ ಬಿಟ್ಟರು. ಸ್ವಲ್ಪ ಹೊತ್ತಿಗೇ ಕತ್ತಿನ ಮೇಲೆ ದದ್ದು ಎದ್ದಿತು, ಮೈ ನಡುಗಿತು. ಡಾಕ್ಟರು ಟ್ಯೂಬ್ ಮುಚ್ಚಿ ಇಂಜೆಕ್ಷನ್ ಕೊಟ್ಟರು. "ಸಾಕು ಬಿಡಿ ಅಣ್ಣಾ, ಹಿಂಸೆ ಕೊಡಬ್ಯಾಡಿ" ಎಂದ ಕುದುರೆಗಳನ್ನು ನೋಡಿಕೊಳ್ಳುವ ನಮ್ಮ ಸೈಸ್. ಹುಟ್ಟಿದಾಗಿನಿಂದ ಕುದುರೆಗಳ ನಡುವೆಯೇ ಬೆಳೆದವನು. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ನಡುಕ ನಿಂತ ಮೇಲೆ ಇನ್ನೂ ನಿಧಾನವಾಗಿ ಮತ್ತೆ ಶುರುಮಾಡಿದರು. ಏರಿಸಿ ಮುಗಿಯುವ ಹೊತ್ತಿಗೆ ಬೆಳಗಾಗಿತ್ತು.

ಪ್ಲಾಸ್ಮಾ ಕರುಳನ್ನು ವಾಸಿಮಾಡುವುದಿಲ್ಲ. ಗಾಯದಿಂದ ಅದೂ ಸೋರುತ್ತಲೇ ಇರುತ್ತದೆ. ಕರುಳು ತಾನಾಗಿ ಕೂಡಿಕೊಳ್ಳುವವರೆಗೆ ಜೀವ ಹಿಡಿದಿಡುತ್ತದೆ, ಅಷ್ಟೆ. ಈ ರೋಗ ಗೊರಸಿಗೂ ಇಳಿಯುತ್ತದೆ. ಲ್ಯಾಮಿನೈಟಿಸ್ ಬಂದರೆ ಕರುಳು ವಾಸಿಯಾದರೂ ಕುದುರೆ ನಿಲ್ಲಲಾರದು. ಅದಕ್ಕೇ ನಾಲ್ಕೂ ಕಾಲಿಗೆ ಮಂಜುಗಡ್ಡೆ ತುಂಬಿದ ಚೀಲ ಕಟ್ಟಿ, ಕರಗಿದಂತೆಲ್ಲ ತುಂಬುತ್ತಿದ್ದೆವು. ಊರಿನ ಮೀನಂಗಡಿಯ ಐಸೆಲ್ಲ ನಮ್ಮ ಲಾಯಕ್ಕೇ ಬಂತು. ಸಾಕು ಬಿಡಿ ಎಂದಿದ್ದ ಸೈಸೇ ರಾತ್ರಿಯೆಲ್ಲ ಐಸ್ ಹೊತ್ತ.

ಬಾವು ಇಳಿಯಿತು, ಲದ್ದಿ ಮೊದಲು ಸಗಣಿಯಷ್ಟು ಗಟ್ಟಿಯಾಯಿತು, ಆಮೇಲೆ ಉಂಡೆಗಟ್ಟಿತು. ಅದನ್ನು ಕಂಡು ಕುಣಿದ ಮನೆ ನಮ್ಮದೊಂದೇ ಇರಬೇಕು. ಆದರೂ ನೆಮ್ಮದಿ ಬರಲಿಲ್ಲ. ಕುದುರೆಯ ಪ್ಲಾಸ್ಮಾ ಪಡೆದ ಕುದುರೆಗೆ ವಾರಗಳ ನಂತರ ಯಕೃತ್ತು ಕೆಡುವ ಅಪಾಯ ಅಪರೂಪಕ್ಕೆ ಉಂಟು. ಶತಮಾನದ ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ಅದನ್ನು ವಿವರಿಸಿದ ಆರ್ನಾಲ್ಡ್ ಥೈಲರ್ ಹೆಸರಲ್ಲೇ ಆ ಕಾಯಿಲೆ ಇದೆ. ಮಲ್ಲಿಗೆ ಅದು ಬರಲಿಲ್ಲ. ಸೂಜಿ ಹಾಕಿದ್ದ ಕತ್ತಿನ ನಾಳ ಮಾತ್ರ ಕಟ್ಟಿಕೊಂಡೇ ಉಳಿದಿದೆ.

ಕುದುರೆ ಸಾಕುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಲಾಯದ ಒಂದು ಆರೋಗ್ಯವಂತ ಗಂಡು ಕುದುರೆಯ ಪರೀಕ್ಷೆಗಳನ್ನು ಈಗಲೇ ಮಾಡಿಸಿ, ಕಾಗದವನ್ನು ಡಾಕ್ಟರ ಕೈಗೆ ಕೊಟ್ಟಿರಿ. ಅಕ್ಕಪಕ್ಕದ ಲಾಯದವರಿಗೂ ಹೇಳಿ. ಅಗತ್ಯ ಬಿದ್ದ ರಾತ್ರಿ ಆ ಪರೀಕ್ಷೆಗಳನ್ನು ಮಾಡಿಸಲು ಆಗುವುದಿಲ್ಲ.