ಬೈರಾಪಟ್ಟಣ: ಜ್ವರ ಏಳುವ ತನಕ

ಬೆಂಗಳೂರನ್ನು ಬಿಟ್ಟು ಮೈಸೂರಿನತ್ತ ಹೊರಟ ಪ್ರಯಾಣಿಕನಿಗೆ ಬಿಡದಿ ದಾಟಿದ ಮೇಲೆ ನೆಲದ ರೂಪವೇ ಬೇರೆಯಾಗಿ ಕಾಣುತ್ತದೆ. ಹೆಬ್ಬಂಡೆಗಳು ತಲೆಯೆತ್ತುತ್ತವೆ, ರಾಮನಗರದ ಬೆಟ್ಟಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದಾಗಿ ಈ ಬೆಟ್ಟಗಳನ್ನು ಊರು ನೋಡದವರೂ ಬಲ್ಲರು. ಊರಿನೊಳಗೆ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ಅಲ್ಲಿಂದ ಮುಂದೆ ಸಾಗಿದರೆ ಅರಗಿನ ಬಣ್ಣ ಹೊದ್ದ ಮರದ ಬೊಂಬೆಗಳ ಚನ್ನಪಟ್ಟಣ.

2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಅವಸರದ ವಾಹನಗಳು ಈ ಎರಡು ಪಟ್ಟಣಗಳನ್ನೂ ಹೊರಗಿನಿಂದಲೇ ಬಳಸಿ ಹೋಗುತ್ತವೆ. ಹಳೆಯ ದಾರಿಯನ್ನು ಹಿಡಿದವರಿಗೆ ಮಾತ್ರ ಚನ್ನಪಟ್ಟಣ ತಾಲ್ಲೂಕಿನ ತೆಂಗು, ರಾಗಿ, ಹಿಪ್ಪುನೇರಳೆಗಳ ಪರಿಚಯವಾಗುವುದು. ಆ ತಾಲ್ಲೂಕಿನ ಊರುಗಳಲ್ಲಿ ಬೈರಾಪಟ್ಟಣವೂ ಒಂದು. ಹೆಸರಿನಲ್ಲಿ ಪಟ್ಟಣವಿದ್ದರೂ ಬದುಕಿನಲ್ಲಿ ಅದು ಹಳ್ಳಿಯೇ.

ಹುಳುವಿನ ಮನೆ

ಈ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗೆ ಹೋದವರು ಮೊದಲು ಕೇಳುವುದು ಒಂದು ಸದ್ದನ್ನು. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಸಣ್ಣ ಮಳೆ ಹನಿದಂತೆ ಕೇಳುತ್ತದೆ. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟಲು ಸುಮಾರು ಇಪ್ಪತ್ತೈದು ದಿನಗಳು ಬೇಕು. ಅಷ್ಟರೊಳಗೆ ಅದು ನಾಲ್ಕು ಸಲ ಪೊರೆ ಕಳಚುತ್ತದೆ. ಪೊರೆ ಕಳಚುವ ಈ ಹೊತ್ತಿಗೆ ರೈತರು ಇಟ್ಟಿರುವ ಹೆಸರು ‘ಜ್ವರ’.

ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿ ಸುಮ್ಮನಿರುತ್ತದೆ, ಮೇಯುವುದಿಲ್ಲ, ಅಲುಗಾಡುವುದಿಲ್ಲ. ಆಗ ಮನೆಯವರು ಸೊಪ್ಪು ಹಾಕುವುದನ್ನು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿಯನ್ನು ಉದುರಿಸಿ, ಗಾಳಿಯಾಡುವಂತೆ ಬಿಟ್ಟು ಕಾಯುತ್ತಾರೆ. ತಾಳ್ಮೆಗೆಟ್ಟು ಕೆದಕಿದರೆ ಹುಳು ಅರ್ಧ ಕಳಚಿದ ಪೊರೆಯಲ್ಲೇ ಸಿಕ್ಕಿಕೊಳ್ಳುವುದುಂಟು. ಸುಮ್ಮನಿರುವ ಹುಳುವನ್ನು ಯಾವ ರೈತನೂ ಸೋಮಾರಿಯೆಂದು ಬೈಯುವುದಿಲ್ಲ.

ಹುಳುವಿನ ವಿಷಯದಲ್ಲಿ ಇಷ್ಟು ಸಹಜವಾಗಿ ಬರುವ ಈ ತಿಳಿವಳಿಕೆ, ಮನೆಯ ಮಗನೋ ಮಗಳೋ ದೀರ್ಘಕಾಲ ಹಾಸಿಗೆ ಹಿಡಿದಾಗ ಅಷ್ಟು ಸಹಜವಾಗಿ ಬರುವುದಿಲ್ಲ.

ಹಿಂದಿರುಗಿದ ಮಗಳು

ಬೈರಾಪಟ್ಟಣದಂಥ ಊರಿನ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಮಗಳು ಬೆಂಗಳೂರಿನಲ್ಲಿ ಓದಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕೆಲಸಕ್ಕೆ ಸೇರಿದವಳು. ಅಲ್ಲಿನ ಕಾಡಿನಂಚಿನಲ್ಲಿ ಅಡ್ಡಾಡುವಾಗ ಗಸಗಸೆ ಕಾಳಿನಷ್ಟು ಸಣ್ಣದೊಂದು ಉಣ್ಣೆ ಕಚ್ಚಿದ್ದು ಅವಳ ಗಮನಕ್ಕೇ ಬರಲಿಲ್ಲ. ಕೆಲವು ವಾರಗಳಲ್ಲಿ ಜ್ವರ, ಮಂಡಿಯಲ್ಲಿ ಬಾವು. ವೈದ್ಯರು ‘ಲೈಮ್ ರೋಗ’ ಎಂದರು, ಔಷಧ ಕೊಟ್ಟರು, ಜ್ವರ ಇಳಿಯಿತು. ಆದರೆ ಮೈಯ ಬಳಲಿಕೆ, ಕೀಲುಗಳ ನೋವು, ಓದಿದ್ದು ನೆನಪಿನಲ್ಲಿ ನಿಲ್ಲದ ಮಂಕು ಇವು ಮಾತ್ರ ಹೋಗಲಿಲ್ಲ. ಕೊನೆಗೆ ರಜೆ ಹಾಕಿ ತಾಯಿಯ ಮನೆಗೆ ಬಂದಳು.

ನೋಡುವವರ ಕಣ್ಣಿಗೆ ಅವಳು ಚೆನ್ನಾಗಿಯೇ ಇದ್ದಾಳೆ. ಪಟ್ಟಿ ಕಟ್ಟಿಲ್ಲ, ಕೆಮ್ಮಿಲ್ಲ. ಒಂದು ದಿನ ಅಂಗಳದಲ್ಲಿ ಓಡಾಡಿ ನಗುತ್ತಾಳೆ. ಮರುದಿನ ತಲೆ ಬಾಚಿಕೊಳ್ಳಲೂ ಕೈ ಏಳದು. “ಇವತ್ತು ಆಗಲ್ಲ ಕಣಮ್ಮ” ಎಂದಾಗ ತಾಯಿ ಏನೆನ್ನಬೇಕು? ಈ ಪ್ರಶ್ನೆಯನ್ನು ಮೊದಲು ಎದುರಿಸಿದ ತಾಯಂದಿರು ಇದ್ದದ್ದು, ಆ ರೋಗಕ್ಕೆ ಹೆಸರು ಕೊಟ್ಟ ಊರಿನಲ್ಲೇ.

ಲೈಮ್ ಎಂಬ ಊರು

ಕನೆಕ್ಟಿಕಟ್ ನದಿ ಸಮುದ್ರಕ್ಕೆ ಸೇರುವೆಡೆಯ ಆಸುಪಾಸಿನಲ್ಲಿ ಲೈಮ್, ಓಲ್ಡ್ ಲೈಮ್ ಎಂಬ ಸಣ್ಣ ಊರುಗಳಿವೆ. ಸುತ್ತಲೂ ಕಾಡು, ಜಿಂಕೆ, ಹುಲ್ಲುಗಾವಲು. ಪಾಲಿ ಮರ್ರೆ ಎಂಬ ಗೃಹಿಣಿ ಅಲ್ಲಿ ನೆಲೆಸಿದ್ದಳು. ಅವಳಿಗೂ ಗಂಡನಿಗೂ ಮಕ್ಕಳಿಗೂ ವರ್ಷಗಟ್ಟಲೆ ಕೀಲುಬಾವು, ಚರ್ಮದ ಮೇಲೆ ಕೆಂಪು ಮಂಡಲ, ಬಳಲಿಕೆ. ವೈದ್ಯರಲ್ಲಿ ಹಲವರು ನಂಬಲಿಲ್ಲ. ಅವಳು ಎದೆಗುಂದದೆ, ಯಾರಿಗೆ ಯಾವಾಗ ಏನಾಯಿತೆಂದು ಬರೆದಿಟ್ಟುಕೊಳ್ಳುತ್ತ ಬಂದಳು. 1975ರಲ್ಲಿ ಅವಳೂ ನೆರೆಯ ಇನ್ನೊಬ್ಬ ತಾಯಿಯೂ ಆರೋಗ್ಯ ಇಲಾಖೆಗೆ ದೂರಿತ್ತರು.

ಯೇಲ್ ವಿಶ್ವವಿದ್ಯಾಲಯದ ವೈದ್ಯ ಆಲೆನ್ ಸ್ಟೀರ್ ಮತ್ತು ಸಂಗಡಿಗರು ಅಕ್ಕಪಕ್ಕದ ಮೂರು ಊರುಗಳನ್ನು ಶೋಧಿಸಿದಾಗ ಇಂಥ 51 ಮಂದಿ ಸಿಕ್ಕಿದರು; ಅವರಲ್ಲಿ 39 ಮಂದಿ ಮಕ್ಕಳು. 1977ರಲ್ಲಿ ಆ ವರದಿ ಪ್ರಕಟವಾಯಿತು. 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣ್ಣೆಯ ಹೊಟ್ಟೆಯಲ್ಲಿ ಸುರುಳಿಯಾಕಾರದ ಸೂಕ್ಷ್ಮಜೀವಿಯನ್ನು ಕಂಡುದನ್ನು ಪ್ರಕಟಿಸಿದ. ಅದಕ್ಕೆ ಅವನ ಹೆಸರನ್ನೇ ಇಟ್ಟರು. ತಾಯಿಯೊಬ್ಬಳು ಮಕ್ಕಳ ನರಳಾಟವನ್ನು ನಂಬಿ, ದಿನಾಂಕ ಹಾಕಿ ಬರೆದಿಟ್ಟದ್ದು ಇಷ್ಟಕ್ಕೆಲ್ಲ ಮೊದಲಾಯಿತು.

ಉಣ್ಣೆಯಿಂದ ಬರುವ ರೋಗ ಕನ್ನಡನಾಡಿಗೂ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಊರವರಿಗೆ ಕಡುಜ್ವರ ಬಂದಾಗ ಪತ್ತೆಯಾದ ‘ಮಂಗನ ಕಾಯಿಲೆ’ ಉಣ್ಣೆಯಿಂದಲೇ ಹರಡುವುದು. ಅದು ವೈರಸ್ಸಿನ ರೋಗ, ಲೈಮ್ ಬ್ಯಾಕ್ಟೀರಿಯದ ರೋಗ, ಎರಡೂ ಬೇರೆ. ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ದುಡಿಯುವ ಕೆಲವರ ರಕ್ತದಲ್ಲಿ ಲೈಮ್ ಸೋಂಕಿನ ಗುರುತುಗಳು ಸಿಕ್ಕಿವೆಯಾದರೂ ನಮ್ಮಲ್ಲಿ ಅದು ಅಪರೂಪವೇ. ಆದುದರಿಂದ ಹೊರದೇಶದಿಂದ ಬಂದವರು, ಎಲ್ಲಿದ್ದರು, ಯಾವ ಔಷಧವನ್ನು ಎಷ್ಟು ದಿನ ತೆಗೆದುಕೊಂಡರು ಎಂಬ ಕಾಗದಗಳನ್ನು ಇಲ್ಲಿನ ವೈದ್ಯರಿಗೆ ತೋರಿಸುವುದು ಅತ್ಯಗತ್ಯ.

ಔಷಧ ಮುಗಿದ ಮೇಲೆ

ಲೈಮ್ ರೋಗಕ್ಕೆ ಔಷಧವಿದೆ. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ಕನ್ನು ಎರಡರಿಂದ ನಾಲ್ಕು ವಾರ ತೆಗೆದುಕೊಂಡರೆ ಬಹುಮಂದಿ ಗುಣಹೊಂದುತ್ತಾರೆ. ಆದರೆ ನೂರರಲ್ಲಿ ಐದರಿಂದ ಹತ್ತು ಮಂದಿಗೆ ಬಳಲಿಕೆ, ನೋವು, ಮನಸ್ಸಿನ ಮಂಕು ತಿಂಗಳುಗಟ್ಟಲೆ ಉಳಿಯುತ್ತವೆ. ರೋಗಿಗಳಲ್ಲಿ ಅನೇಕರು ಇದನ್ನು ‘ದೀರ್ಘಕಾಲದ ಲೈಮ್’ ಎನ್ನುತ್ತಾರೆ. ಸೋಂಕು ಉಳಿದೇ ಇದೆಯೆಂಬುದಕ್ಕೆ ಸಾಕ್ಷ್ಯ ಸಾಲದೆಂದು ವೈದ್ಯರಲ್ಲಿ ಹೆಚ್ಚಿನವರು ಆ ಹೆಸರನ್ನು ಒಪ್ಪುವುದಿಲ್ಲ. ಹೆಸರಿನ ಬಗೆಗೆ ವಾದವಿದ್ದರೂ ನರಳಿಕೆ ಸುಳ್ಳಲ್ಲ.

ಔಷಧವನ್ನು ತಿಂಗಳುಗಟ್ಟಲೆ ಮುಂದುವರಿಸಿದರೆ ಹೇಗೆಂದು ಪರೀಕ್ಷಿಸಿ ನೋಡಿದ್ದಾರೆ. 2001ರಲ್ಲಿ ಅಮೆರಿಕದಿಂದಲೂ 2016ರಲ್ಲಿ ನೆದರ್ಲೆಂಡ್ಸಿನಿಂದಲೂ ಹೊರಬಂದ ವರದಿಗಳಲ್ಲಿ ಅದರಿಂದ ಹೆಚ್ಚಿನ ಗುಣ ಕಂಡುಬರಲಿಲ್ಲ. ದೀರ್ಘಕಾಲ ರಕ್ತನಾಳಕ್ಕೆ ಔಷಧ ಹರಿಸುವುದರಿಂದ ಬೇರೆ ಅಪಾಯಗಳೂ ಉಂಟು. ರಕ್ತಪರೀಕ್ಷೆಯ ಗುರುತು ಗುಣವಾದ ಮೇಲೂ ವರ್ಷಗಟ್ಟಲೆ ಉಳಿಯಬಹುದಾದ್ದರಿಂದ, ಅದೊಂದನ್ನೇ ನೋಡಿ ಗಾಬರಿಪಡಬೇಕಾದ್ದಿಲ್ಲ. ಇಂತಿಷ್ಟು ಹಣಕ್ಕೆ ಪೂರ್ಣ ಗುಣ ಮಾಡಿಕೊಡುವೆವೆಂಬ ಮಾತು ಕೇಳಿದೊಡನೆ ಹೊಲ ಅಡವಿಡಲು ಹೊರಡುವ ತಂದೆ ಈ ಸಂಗತಿಗಳನ್ನು ಮೊದಲು ತಿಳಿದಿರುವುದು ಮೇಲು.

ಮನೆಯವರ ಪಾಲು

ಹಾಗಾದರೆ ತಂದೆತಾಯಿಗಳು ಮಾಡಬಹುದಾದುದೇನು? ಮೊದಲನೆಯದು ನಂಬುವುದು. ನಿನ್ನೆ ನಡೆದವಳು ಇಂದೇಕೆ ನಡೆಯಲಾರಳೆಂದು ಲೆಕ್ಕ ಕೇಳಿದರೆ, ಮಗಳು ನಾಳೆ ಶಕ್ತಿ ಇಲ್ಲದೆಯೂ ನಡೆದು ತೋರಿಸುತ್ತಾಳೆ. ಆಮೇಲೆ ನಾಲ್ಕು ದಿನ ಮಲಗುತ್ತಾಳೆ.

ಎರಡನೆಯದು ದಿನವನ್ನು ಅಳೆದು ಬಳಸುವುದು. ಸ್ನಾನ, ಊಟ, ತುಸು ನಡಿಗೆ, ನಡುನಡುವೆ ವಿಶ್ರಾಂತಿ. ಚೆನ್ನಾಗಿರುವ ದಿನ ಎಲ್ಲವನ್ನೂ ಮಾಡಿ ಮುಗಿಸುವ ಆಸೆಯನ್ನು ತಡೆಯುವುದು. ಆಗದ ದಿನ ಬೇಸರಪಡದಿರುವುದು. ಪಾಲಿ ಮರ್ರೆಯಂತೆ ಒಂದು ಪುಸ್ತಕದಲ್ಲಿ ನಿದ್ರೆ, ನೋವು, ಜ್ವರಗಳನ್ನು ಗುರುತು ಹಾಕಿಟ್ಟರೆ ವೈದ್ಯರಿಗೂ ದಾರಿ ಕಾಣುತ್ತದೆ. ಬಳಲಿಕೆಗೆಲ್ಲ ಲೈಮ್ ಒಂದೇ ಕಾರಣವೆಂದೂ ತಿಳಿಯಬಾರದು. ರಕ್ತಹೀನತೆ, ಥೈರಾಯ್ಡಿನ ದೋಷ ಮುಂತಾದ ಬೇರೆ ತೊಂದರೆಗಳು ಸೇರಿಕೊಂಡಿದ್ದರೆ ಅವಕ್ಕೆ ಚಿಕಿತ್ಸೆಯಿದೆ. ಮನಸ್ಸು ತೀರ ಕುಗ್ಗಿದಾಗ ಅದನ್ನೂ ಮುಚ್ಚಿಡದೆ ವೈದ್ಯರಲ್ಲಿ ಹೇಳಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿನ. ಹಾಸಿಗೆ ಹಿಡಿದ ಮಗಳು ತಾಯಿಯ ಕಣ್ಣಿಗೆ ಮತ್ತೆ ತೊಟ್ಟಿಲ ಕೂಸಾಗಿಬಿಡುತ್ತಾಳೆ. ಆದರೆ ಅವಳು ಪ್ರಾಯ ತುಂಬಿದವಳು. ತನ್ನ ದುಡಿಮೆ, ತನ್ನ ಸ್ನೇಹಿತರು, ತನ್ನ ಅಭಿಪ್ರಾಯ ಉಳ್ಳವಳು. ವೈದ್ಯರು ಕೇಳಿದ ಪ್ರಶ್ನೆಗೆ ಉತ್ತರ ಅವಳ ಬಾಯಿಂದಲೇ ಬರಲಿ. ಕೆಲಸಕ್ಕೆ ಎಂದು ಹಿಂದಿರುಗುವುದು, ಯಾವ ಔಷಧ ಬೇಡವೆನ್ನುವುದು ಅವಳು ತೀರ್ಮಾನಿಸಬೇಕಾದ ವಿಷಯಗಳು. “ಮದುವೆ ಯಾವಾಗ?” ಎಂದು ಕೇಳಲು ಬರುವ ನೆಂಟರನ್ನು ಜಗಲಿಯ ಮೇಲೆಯೇ ಕಾಫಿ ಕೊಟ್ಟು ಕಳುಹಿಸುವುದು ಮಾತ್ರ ತಾಯಿಯ ಕೆಲಸ.

ತಂದೆತಾಯಿಗಳೂ ದಣಿಯುತ್ತಾರೆಂಬುದನ್ನು ಮರೆಯಬಾರದು. ರಾತ್ರಿ ಎಚ್ಚರವಿದ್ದವರು ಹಗಲು ಸ್ವಲ್ಪ ಮಲಗಬೇಕು. ಅಣ್ಣತಮ್ಮಂದಿರು, ಅತ್ತಿಗೆಯರು ಸರದಿ ಹಿಡಿಯಬೇಕು. ಹುಳು ಸಾಕುವ ಮನೆಯಲ್ಲಿ ಒಬ್ಬರ ಮೇಲೆಯೇ ಎಲ್ಲ ಹೊರೆ ಬೀಳದಿರುವಂತೆ ಇಲ್ಲಿಯೂ ನಡೆಯಬೇಕು.

ಹುಳುವಿನ ಜ್ವರಕ್ಕೂ ಈ ಜ್ವರಕ್ಕೂ ಒಂದು ಭೇದವುಂಟು. ಹುಳು ಒಂದು ದಿನದಲ್ಲಿ ಏಳುತ್ತದೆಂದು ರೈತ ಬಲ್ಲ. ಮಗಳು ಎಂದು ಏಳುವಳೆಂದು ಯಾರೂ ದಿನ ಗೊತ್ತು ಮಾಡಿ ಹೇಳಲಾರರು. ಹಲವರು ಕಾಲ ಕಳೆದಂತೆ ಚೇತರಿಸಿಕೊಳ್ಳುತ್ತಾರೆ. ಆದರೆ ಮೆಲ್ಲಗೆ, ಏರುತ್ತ ಇಳಿಯುತ್ತ. ಚಂದ್ರಿಕೆಯ ಮೇಲೆ ಗೂಡು ಕಟ್ಟುವುದು ಹುಳುವಿನ ಕೆಲಸ. ಅದನ್ನು ಯಾರೂ ಅದಕ್ಕಾಗಿ ಮಾಡಿಕೊಡಲಾರರು. ನೆರಳು, ಗಾಳಿ, ಹೊತ್ತಿಗೆ ಸರಿಯಾಗಿ ಹಸಿರು ಸೊಪ್ಪು ಇಷ್ಟನ್ನು ಒದಗಿಸುವುದು ಮನೆಯವರ ಪಾಲು. ಬೈರಾಪಟ್ಟಣದ ಸೀಮೆಯವರಿಗೆ ಅದು ಹೊಸ ಪಾಠವೇನೂ ಅಲ್ಲ.