ಒಂದೇ ಪ್ರತಿ ಸಾಕೇ?

ನಮ್ಮ ಲ್ಯಾಬಿನ ಸರ್ವರ್ ತುಂಬಿಹೋದದ್ದು ಒಂದು ಭಾನುವಾರ ರಾತ್ರಿ. ಮೂರು ದಿನದಿಂದ ಓಡುತ್ತಿದ್ದ ನನ್ನ ಪ್ರಯೋಗ, ಡಿಸ್ಕಿನಲ್ಲಿ ಜಾಗವಿಲ್ಲವೆಂದು ನಿಂತುಬಿಟ್ಟಿತ್ತು. ಬೆಳಿಗ್ಗೆ ಗೈಡ್ ಹೇಳಿದ್ದು ಇಷ್ಟೇ: "ಹೊಸ ಡಿಸ್ಕಿಗೆ ದುಡ್ಡು ಬರೋದು ಮುಂದಿನ ವರ್ಷ. ಇರೋದರಲ್ಲೇ ಏನಾದರೂ ಮಾಡಿ ನೋಡಪ್ಪ."

ಜಾಗ ಎಲ್ಲಿ ಹೋಗುತ್ತಿದೆಯೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾವೆಲ್ಲ ಕೆಲಸ ಮಾಡುವುದು ಒಂದೇ ಸಿಮ್ಯುಲೇಟರಿನ ಮೇಲೆ. ಹೊಸದಾಗಿ ಸೇರಿದವರು ಮೊದಲ ದಿನವೇ ಅದರ ಗಿಟ್ ರೆಪಾಸಿಟರಿಯನ್ನು ತಮ್ಮ ಫೋಲ್ಡರಿಗೆ ಇಳಿಸಿಕೊಳ್ಳುತ್ತಾರೆ. ಹೀಗೆ 38 ಪ್ರತಿಗಳಾಗಿದ್ದವು, ಒಂದೊಂದೂ ಸುಮಾರು 6 ಜಿಬಿ. ಎಲ್ಲದರಲ್ಲೂ ಅದೇ ಹಳೆಯ ಚರಿತ್ರೆ, ತುದಿಯಲ್ಲಿ ಮಾತ್ರ ಅವರವರ ಸ್ವಂತ ಕೆಲಸ.

2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ ಬರೆದ ಗಿಟ್‌ನಲ್ಲಿ ಒಂದು ಸೊಗಸಾದ ಏರ್ಪಾಡಿದೆ. ಕಡತದ ಒಳಗಿರುವುದನ್ನೇ ಲೆಕ್ಕ ಹಾಕಿ ಅದು 40 ಅಕ್ಷರಗಳ ಹೆಸರಿಡುತ್ತದೆ. ಒಳಗಿರುವುದು ಒಂದೇ ಆದರೆ ಹೆಸರೂ ಒಂದೇ. ಹಾಗಾಗಿ ಒಂದು ರೆಪಾಸಿಟರಿಯೊಳಗೆ ಒಂದೇ ಕಡತ ಎರಡು ಸಲ ಕೂರುವುದಿಲ್ಲ. ಆದರೆ ಈ ಜಾಣತನ ಆ ರೆಪಾಸಿಟರಿಯ ಗೋಡೆಯೊಳಗೆ ಮಾತ್ರ. ಪಕ್ಕದ ಫೋಲ್ಡರಿನಲ್ಲಿ ಅದೇ ಕಡತ ಇದೆಯೆಂಬುದು ಅದಕ್ಕೆ ಗೊತ್ತಿಲ್ಲ.

ಗೋಡೆಗೆ ಕಿಂಡಿ ಕೊರೆಯಲು 'ಆಲ್ಟರ್ನೇಟ್ಸ್' ಎಂಬ ಪುಟ್ಟ ಕಡತವಿದೆ. ಅದರಲ್ಲಿ ಇನ್ನೊಂದು ರೆಪಾಸಿಟರಿಯ ವಿಳಾಸ ಬರೆದರೆ, ತನ್ನಲ್ಲಿಲ್ಲದ್ದನ್ನು ಗಿಟ್ ಅಲ್ಲಿಂದ ಓದಿಕೊಳ್ಳುತ್ತದೆ. ನಾನು ಒಂದು ಉಗ್ರಾಣ ಮಾಡಿದೆ. 38 ಜನರ ಶಾಖೆಗಳನ್ನೂ ಅವರವರ ಹೆಸರಿನಲ್ಲಿ ಅಲ್ಲಿಗೆ ತಂದೆ, ಪ್ರತಿಯೊಂದು ಪ್ರತಿಯಲ್ಲೂ ಉಗ್ರಾಣದ ವಿಳಾಸ ಬರೆದೆ. ಆಮೇಲೆ ಉಗ್ರಾಣದಲ್ಲಿ ಇರುವುದನ್ನೆಲ್ಲ ಪ್ರತಿಗಳಿಂದ ತೆಗೆಸಿದೆ. 228 ಜಿಬಿ ಇದ್ದದ್ದು 11ಕ್ಕೆ ಇಳಿಯಿತು. ಲ್ಯಾಬಿನವರಿಗೆಲ್ಲ ನನ್ನ ಖರ್ಚಿನಲ್ಲೇ ಚಹಾ ಕುಡಿಸಿದೆ.

ಕೆಲವು ತಿಂಗಳ ನಂತರ ಉಗ್ರಾಣವನ್ನು ಇನ್ನಷ್ಟು ಚೊಕ್ಕ ಮಾಡುವ ಹುಕಿ ಬಂತು. ಲ್ಯಾಬ್ ಬಿಟ್ಟುಹೋದವರ ಹೆಸರುಗಳನ್ನು ಅಲ್ಲಿಂದ ಅಳಿಸಿದೆ. ಯಾವ ಹೆಸರೂ ಹಿಡಿದುಕೊಂಡಿರದ ಹಳೆಯ ವಸ್ತುಗಳನ್ನು ಗಿಟ್ ಎರಡು ವಾರ ಕಾದು ಗುಡಿಸಿಹಾಕುತ್ತದೆ. ಗುಡಿಸಿತು.

ಅದಾದ ಮೇಲೆ ಅಕ್ಕನ ಫೋನ್ ಬಂತು. ನನಗಿಂತ ನಾಲ್ಕು ವರ್ಷ ಸೀನಿಯರ್. ಅಪ್ಪನಿಗೆ ಹುಷಾರು ತಪ್ಪಿದಾಗ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಶಿರಸಿ ಕಡೆಯ ತಮ್ಮ ಊರಿಗೆ ಹೋದವರು. ಮೂರು ವರ್ಷದ ಮೇಲೆ ಮತ್ತೆ ನೋಂದಾಯಿಸಲು ಅವಕಾಶ ಸಿಕ್ಕಿತ್ತು.

"ನನ್ನ ಫೋಲ್ಡರ್ ಇನ್ನೂ ಇದ್ಯಾ?"

"ಇದೆ ಅಕ್ಕ," ಎಂದೆ, ನೋಡದೆಯೇ.

ಫೋಲ್ಡರ್ ಇತ್ತು. ತೆರೆದರೆ ಕೊನೆಯ ಕಮಿಟ್‌ನ 40 ಅಕ್ಷರಗಳ ಹೆಸರು ಇತ್ತು. ಆ ಹೆಸರಿನ ವಸ್ತು ಮಾತ್ರ ಎಲ್ಲೂ ಇರಲಿಲ್ಲ. ನಮ್ಮೂರಲ್ಲಿ ಸಾಲ ಕೊಟ್ಟವರ ಬಳಿ ಲೆಕ್ಕದ ಪುಸ್ತಕ ಇರುತ್ತದೆ. ಇಲ್ಲಿ ಉಲ್ಟಾ: ಎರವಲು ಪಡೆದವರಲ್ಲಿ ವಿಳಾಸವಿದೆ, ಕೊಟ್ಟ ಉಗ್ರಾಣಕ್ಕೆ ಯಾರು ತನ್ನನ್ನು ನಂಬಿದ್ದಾರೆಂಬುದೇ ತಿಳಿಯದು. ಅದು ನನಗೆ ತಿಳಿದಿರಬೇಕಿತ್ತು.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಳೇ ಲ್ಯಾಪ್‌ಟಾಪ್ ಅಟ್ಟದ ಮೇಲಿದೆ. ಆನ್ ಆಗ್ತದೋ ಇಲ್ವೋ, ನೋಡ್ತೇನೆ," ಎಂದರು.

ಮರುದಿನ ಸಂಜೆ ಮತ್ತೆ ಫೋನ್. "ಕೊನೇ ಕಮಿಟ್‌ನ ಹೆಸರು ಓದ್ತೇನೆ, ನೋಡ್ಕೋ," ಎಂದು ನಿಧಾನವಾಗಿ ಓದತೊಡಗಿದರು. ಅಕ್ಷರ ಅಕ್ಷರವೂ ನನ್ನ ಪರದೆಯ ಮೇಲಿದ್ದುದರ ಜೊತೆ ಕೂಡಿತು. ಒಂದು ಕಮಿಟ್‌ನ ಹೆಸರಿನ ಲೆಕ್ಕದಲ್ಲಿ ಅದರ ಎಲ್ಲ ಕಡತಗಳೂ, ಅದರ ಹಿಂದಿನ ಕಮಿಟ್‌ನ ಹೆಸರೂ ಸೇರಿರುತ್ತವೆ. ತುದಿಯ ಹೆಸರು ಕೂಡಿದರೆ ಬೇರಿನವರೆಗಿನ ಚರಿತ್ರೆ ಒಂದೇ ಎಂದರ್ಥ. ಆ ರಾತ್ರಿ ಅವರು ಅಲ್ಲಿಂದ ಕಳಿಸಿದರು. ನಾನು ಪ್ರತಿಯೊಂದು ವಸ್ತುವನ್ನೂ ಪರೀಕ್ಷಿಸಿದೆ. ಒಂದೂ ಕಳೆದಿರಲಿಲ್ಲ. ನಾನು ದಂಡ ಎಂದು ಲೆಕ್ಕ ಹಾಕಿದ್ದ ಇನ್ನೊಂದು ಪ್ರತಿಯೇ ಅವರ ಪ್ರಬಂಧವನ್ನು ಉಳಿಸಿತ್ತು.

2016ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆ ಶುರುಮಾಡಿದ ಸಾಫ್ಟ್‌ವೇರ್ ಹೆರಿಟೇಜ್ ಭಂಡಾರದಲ್ಲಿ, ಒಂದು ಕಡತ ಎಷ್ಟು ಸಾವಿರ ಯೋಜನೆಗಳಲ್ಲಿದ್ದರೂ ದಾಖಲಾಗುವುದು ಒಂದೇ ಸಲ. ಆದರೆ ಆ ಭಂಡಾರದ ಪ್ರತಿಗಳನ್ನು ಬೇರೆ ಕಡೆಯೂ ಇಡುತ್ತಾರೆ. ಗೊತ್ತಿಲ್ಲದೆ ಸೇರಿಕೊಂಡ ನಕಲು ಬೇರೆ, ಗೊತ್ತಿದ್ದು ಕಾಪಿಟ್ಟ ಪ್ರತಿ ಬೇರೆ. ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೆ.

ಈಗ ಉಗ್ರಾಣದಲ್ಲಿ ತಾನಾಗಿ ಗುಡಿಸುವುದನ್ನು ನಿಲ್ಲಿಸಿದ್ದೇನೆ. ಯಾರ ಹೆಸರನ್ನೂ ಅಳಿಸುವುದಿಲ್ಲ. ಅದರದೊಂದು ಪೂರ್ತಿ ಪ್ರತಿ ಗೈಡ್ ಕೋಣೆಯ ಬೀರುವಿನಲ್ಲಿದೆ.

ಅಕ್ಕನ ಆ ಹಳೆಯ ಕಮಿಟ್‌ಗೆ ಅವರು ಬರೆದಿದ್ದ ಟಿಪ್ಪಣಿ: "ಉಳಿದದ್ದು ನಾಳೆ." ಅದರ ಮುಂದಿನ ಕಮಿಟ್ ಕಳೆದ ವಾರ ಬಂದಿದೆ.