ಶಂಕರಘಟ್ಟದ ದಾರಿಯಲ್ಲಿ ಹಂಸನಾದ

ಭದ್ರಾವತಿಯನ್ನು ಹಿಂದಿಕ್ಕಿದ ಬಸ್ಸು ಅಡಿಕೆ ತೋಟ, ಭತ್ತದ ಗದ್ದೆಗಳ ನಡುವೆ ಶಂಕರಘಟ್ಟದತ್ತ ಸಾಗುತ್ತದೆ. ಕಾಲೇಜು ಸೇರುವ ದಿನಗಳಲ್ಲಿ ಈ ಬಸ್ಸಿನ ತುಂಬ ಬ್ಯಾಗು, ಬಕೆಟ್ಟು, ಹಾಸಿಗೆ ಸುರುಳಿ. ಜೊತೆಗೆ ಅಪ್ಪ ಅಮ್ಮಂದಿರು. ಮಗಳ ಕಿವಿಯಲ್ಲಿ ಮಾತ್ರ ಇಯರ್‌ಫೋನು. "ಅದೇನು ಕೇಳ್ತೀಯೋ, ಬರೀ ಗದ್ದಲ" ಎಂದು ಅಪ್ಪ ಗೊಣಗುವುದು ಸಹಜ. ಹಾಸ್ಟೆಲ್ಲಿನ ಬಾಗಿಲಲ್ಲಿ ಬಿಟ್ಟುಹೋಗುವ ಮುನ್ನ ಆಡಿದ ಕೊನೆಯ ಮಾತು ಅದೇ ಆಗಿಬಿಟ್ಟರೆ ಇಬ್ಬರಿಗೂ ಬೇಸರ.

1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಈ ಆವರಣಕ್ಕೆ 'ಜ್ಞಾನಸಹ್ಯಾದ್ರಿ' ಎಂದು ಹೆಸರು. ಭದ್ರಾ ಅಣೆಕಟ್ಟು ಹತ್ತಿರದಲ್ಲೇ ಇದೆ, ಅದರಾಚೆ ಅಭಯಾರಣ್ಯದ ಕಾಡು. ಪೇಟೆಯ ಸದ್ದು ಇಲ್ಲಿಗೆ ಮುಟ್ಟದು. ಉದ್ದನೆಯ ಹಾಡೊಂದನ್ನು ನಡುವೆ ತುಂಡರಿಸದೆ ಕೇಳಲು ಇಂಥ ಜಾಗವೇ ಬೇಕು.

ಅಪ್ಪನಿಗೆ ಗದ್ದಲವಾಗಿ ಕೇಳಿಸಿದ್ದು 'ಅಗಂ' ತಂಡದ ಹಾಡಿರಬಹುದು. 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ತಂಡ ಕರ್ನಾಟಕ ಸಂಗೀತವನ್ನೂ ಪ್ರೋಗ್ರೆಸಿವ್ ರಾಕ್ ಅನ್ನೂ ಬೆಸೆಯುತ್ತದೆ. ಪ್ರೋಗ್ರೆಸಿವ್ ರಾಕ್ ಎಂಬುದು 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಬೆಳೆದ ಬಗೆ: ಹಾಡು ಉದ್ದ, ನಡುವೆ ವಾದ್ಯಗಳ ವಿಸ್ತಾರ, ಲೆಕ್ಕ ಬದಲಿಸುವ ತಾಳ. ಪಿಂಕ್ ಫ್ಲಾಯ್ಡ್ ತಂಡದ 1973ರ 'ಮನಿ' ಹಾಡಿನ ಬಹುಭಾಗ ನಡೆಯುವುದು ಏಳರ ಎಣಿಕೆಯಲ್ಲಿ. ಮಿಶ್ರಛಾಪು ತಾಳ ಹಾಕಬಲ್ಲ ಅಮ್ಮನಿಗೆ ಈ ಏಳು ಹೊಸದೇನಲ್ಲ!

ಹೊಸಬರು ಅಗಂನ 2012ರ ಮೊದಲ ಆಲ್ಬಮ್ 'ದಿ ಇನ್ನರ್ ಸೆಲ್ಫ್ ಅವೇಕನ್ಸ್'ನಿಂದ ಆರಂಭಿಸಬಹುದು. ಅದರಲ್ಲಿನ 'ಸ್ವಾನ್ಸ್ ಆಫ್ ಸರಸ್ವತಿ' ಎಂಬ ಇಂಗ್ಲಿಷ್ ಹೆಸರಿಗೆ ಹೆದರಬೇಕಿಲ್ಲ. ಒಳಗಿರುವುದು ತ್ಯಾಗರಾಜರ 'ಬಂಟುರೀತಿ', ಹಂಸನಾದ ರಾಗದ ಕೃತಿ. ರಾಮನ ಬಂಟನಾಗಿ ನಿಲ್ಲುವ ಕೆಲಸ ಕೊಡು ಎಂಬುದು ಅದರ ಬೇಡಿಕೆ. ಮೊದಲು ಯಾರಾದರೂ ಹಿರಿಯ ಗಾಯಕರು ಹಾಡಿದ ಕೃತಿಯನ್ನು ಕೇಳಿಕೊಂಡು, ಆಮೇಲೆ ಇದಕ್ಕೆ ಕಿವಿಗೊಡುವುದು ಒಳ್ಳೆಯದು. ಮೊದಲ ಸಲ ಹರೀಶ್ ಶಿವರಾಮಕೃಷ್ಣನ್ ಅವರ ದನಿಯನ್ನಷ್ಟೇ ಹಿಂಬಾಲಿಸಿದರೆ ಸಾಕು. ಎರಡನೆಯ ಸಲ ಡ್ರಮ್ಸ್, ಮೂರನೆಯ ಸಲ ಗಿಟಾರು. ಅಷ್ಟು ಹೊತ್ತಿಗೆ ಗದ್ದಲದೊಳಗೆ ರಾಗದ ದಾರಿ ಕಾಣತೊಡಗುತ್ತದೆ. ಕೃತಿಯನ್ನು ಹೀಗೆ ಹಾಡುವುದು ಎಲ್ಲ ಹಿರಿಯರಿಗೂ ಹಿಡಿಸೀತೆಂದಲ್ಲ. ಆದರೆ ಇಷ್ಟವಿಲ್ಲ ಎನ್ನಲಾದರೂ ಒಮ್ಮೆ ಪೂರ್ತಿ ಕೇಳಬೇಕಲ್ಲ.

ಸಾಮಾನು ಇಳಿಸಿ, ಕೋಣೆ ನೋಡಿದ ಮೇಲೆ ವಾಪಸು ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿರುತ್ತದೆ. ಇಯರ್‌ಫೋನಿಗೆ ಹೇಗೂ ಎರಡು ತುದಿ. ಒಂದು ಅಪ್ಪನ ಕಿವಿಗೆ ಹೋಗಲಿ. ಸದ್ದು ಮಾತ್ರ ತುಸು ತಗ್ಗಿರಲಿ.